ಟೇಕ್-ಲಾಸ್ಟ್-ಸ್ಪೆಂಡ್ ಮೀಮಾಂಸೆ: ಒಂದು ಪ್ರಾಸ್ತಾವಿಕ ತೊಡಕು

ಆಂಗ್ಲಭಾಷೆಯ ಅವಧಿನಿರ್ದೇಶಕ ಧಾತುಗಳಲ್ಲಿ ಪ್ರಮುಖವಾದವು ಮೂರು: ಟೇಕ್, ಲಾಸ್ಟ್, ಸ್ಪೆಂಡ್. ಇವನ್ನು ಪ್ರಸ್ತುತ ಪ್ರಬಂಧದಲ್ಲಿ ಕ್ರಮವಾಗಿ ಕಾಲಗ್ರಾಹಿ, ಕಾಲವಾಹಿ, ಕಾಲಭಕ್ಷಕ ಎಂದು ಕರೆಯತಕ್ಕದ್ದು. ಯಾಕೆ ಎಂದು ಕೇಳುವವರಿಗೆ ವಿಚಾರಸಂಕಿರಣದ ಊಟದ ಕೂಪನ್ ಕೊಡಲಾಗದು.

ಕಾಲಗ್ರಾಹಿಯು ಸಮಾಪ್ತ್ಯುನ್ಮುಖ. ಕೆಲಸ ಮುಗಿಯಬೇಕು, ಮುಗಿಯಲು ಬೇಕಾದ ಹೊತ್ತನ್ನು ಅದು ಕಿತ್ತುಕೊಳ್ಳುತ್ತದೆ: ‘ದ ರಿಪೇರ್ ಟುಕ್ ತ್ರೀ ಡೇಸ್’. ಕಾಲವಾಹಿಗೆ ಅಂಥ ಗುರಿಯಿಲ್ಲ, ಸುಮ್ಮನೆ ಸಾಗುತ್ತದೆ: ‘ದ ಸ್ಪೀಚ್ ಲಾಸ್ಟೆಡ್ ಟೂ ಅವರ್ಸ್’. ಭಾಷಣದಿಂದ ಏನೂ ಸಾಧಿತವಾಗದ ಕಾರಣ ಅಲ್ಲಿ ಟೇಕ್ ಶೋಭಿಸದೆಂಬುದು ನಮ್ಮ ಮೌಲಿಕ ಶೋಧ. ಕಾಲಭಕ್ಷಕಕ್ಕೆ ಸಾಮಾನ್ಯವಾಗಿ ಮನುಷ್ಯನೇ ಕರ್ತೃವಾಗಬೇಕು, ಬಾಲಕ್ಕೆ ಹಲವು ಸಲ ‘ಇಂಗ್’ ಬೇಕು.

ಝೆನೋ ವೆಂಡ್ಲರ್ 1957ರಲ್ಲಿ ಕ್ರಿಯೆಗಳನ್ನು ಸ್ಥಿತಿ, ಚಟುವಟಿಕೆ, ಸಾಧನೆ, ಸಿದ್ಧಿ ಎಂದು ನಾಲ್ಕಾಗಿ ವಿಂಗಡಿಸಿದರು. ‘ಒಂದು ಗಂಟೆಯಲ್ಲಿ’ ಮುಗಿಯುವುದು ಬೇರೆ, ‘ಒಂದು ಗಂಟೆ ಕಾಲ’ ನಡೆಯುವುದು ಬೇರೆ ಎಂಬ ಸರಳ ಪರೀಕ್ಷೆ ಅವರದು. ಸರಳವಾದದ್ದು ಶಾಸ್ತ್ರಕ್ಕೆ ಅವಮಾನ. ಆದ್ದರಿಂದ ನಾಲ್ಕನ್ನು ಮೂರರಿಂದ ಗುಣಿಸಿ, ಸಕರ್ಮಕ-ಅಕರ್ಮಕ ಭೇದದಿಂದ ಇಮ್ಮಡಿಸಿ, ಇಪ್ಪತ್ನಾಲ್ಕು ಪ್ರಭೇದಗಳನ್ನು ಪಡೆದಿದ್ದೇವೆ. ಒಂದೊಂದಾಗಿ ಪರಾಮರ್ಶಿಸೋಣ.

ಪ್ರಭೇದ 1: ಕಾಲಗ್ರಾಹಿ-ಸ್ಥಿತ್ಯಾತ್ಮಕ-ಸಕರ್ಮಕ. ಉದಾಹರಣೆ ಸಿಗಲಿಲ್ಲ.

ಪ್ರಭೇದ 2: ಇದಕ್ಕೂ ಸಿಗಲಿಲ್ಲ.

ಉಳಿದ ಇಪ್ಪತ್ತೆರಡು ಹಾಳಾಗಿ ಹೋಗಲಿ.

ಯಾಕೆಂದರೆ ಈ ಭೇದ ಯಾರಿಗೆ ಗೊತ್ತಿಲ್ಲ? ನಾಟಿಗೆ ಮೂರು ದಿನ ಹಿಡಿಯಿತು. ಆಟ ಬೆಳಗಿನ ತನಕ ನಡೆಯಿತು. ಈ ಮೂಟೆ ಅಕ್ಕಿ ಎರಡು ತಿಂಗಳು ಬರುತ್ತದೆ. ರಜೆಯನ್ನು ಅಜ್ಜಿ ಮನೆಯಲ್ಲಿ ಕಳೆದೆ. ಏಳು ವರ್ಷದ ಮಗು ಇವನ್ನು ಅದಲುಬದಲು ಮಾಡುವುದಿಲ್ಲ. ‘ಅಕ್ಕಿ ಎರಡು ತಿಂಗಳು ನಡೆಯಿತು’ ಎಂದು ನೀವಂದರೆ ಬಿದ್ದು ಬಿದ್ದು ನಗುತ್ತದೆ. ಆಟಕ್ಕೂ ಅಕ್ಕಿಗೂ ಒಂದೇ ಲಾಸ್ಟ್ ಹಚ್ಚಿ ಕೈತೊಳೆದುಕೊಂಡವನು ಇಂಗ್ಲಿಷಿನವನು. ಎರಡನ್ನೂ ಬೇರೆಬೇರೆ ಇಟ್ಟುಕೊಂಡವರು ನಾವು.

ಸ್ಪೋಕನ್ ಇಂಗ್ಲಿಷ್ ತರಗತಿಯಲ್ಲಿ ಇದನ್ನು ಯಾವ ಪುಣ್ಯಾತ್ಮನೂ ಹೇಳುವುದಿಲ್ಲ. ‘ನಿನಗೆ ಇದು ಆಗಲೇ ಬರುತ್ತದಮ್ಮಾ, ಹೆಸರಷ್ಟೇ ಬೇರೆ’ ಅಂದುಬಿಟ್ಟರೆ ಮೂರು ತಿಂಗಳ ಕೋರ್ಸಿಗೆ ಫೀಸು ಕಟ್ಟುವವರು ಯಾರು? ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ‘ದ ರೈಸ್ ಟುಕ್ ಟೂ ಮಂತ್ಸ್’ ಅನ್ನುತ್ತಾಳೆ, ತರಗತಿಗೆ ತರಗತಿಯೇ ನಗುತ್ತದೆ, ಅವಳು ಮತ್ತೆ ಬಾಯಿ ತೆರೆಯುವುದಿಲ್ಲ. ನಗೆಗೆ ಚಾಲನೆ ಕೊಟ್ಟ ಮೇಷ್ಟರು ‘ಐ ಆಮ್ ಟೀಚಿಂಗ್ ಸಿನ್ಸ್ ಟೆನ್ ಇಯರ್ಸ್’ ಎಂದು ಎದೆ ತಟ್ಟಿಕೊಂಡಾಗ ಮಾತ್ರ ಎಲ್ಲರೂ ಗಂಭೀರ.

ಅತ್ತ ಟೀವಿಯಲ್ಲಿ ತನಿಖೆಯೊಂದು ‘ಎರಡು ತಿಂಗಳು ತೆಗೆದುಕೊಂಡಿದೆ’. ಮೊನ್ನೆಯವರೆಗೂ ಅದಕ್ಕೆ ಎರಡು ತಿಂಗಳು ಹಿಡಿಯುತ್ತಿತ್ತು. ತೆಗೆದುಕೊಳ್ಳುವುದನ್ನು ಅದಕ್ಕೆ ಕಲಿಸಿದವರು ನಾವೇ, ಅದೂ ಫೀಸು ಕಟ್ಟಿ.