ಗಣಿ ಧಣಿಯ ಪಾಡು

ಬಳ್ಳಾರಿಯ ಕಡೆ ತಲೆಯೂ ಹಾಕದೆ ನಾನು ಗಣಿ ಧಣಿಯಾದೆ. ನನ್ನದು ಬಿಟ್‌ಕಾಯಿನ್ ಗಣಿ, ಇರುವುದು ನಮ್ಮ ಟಿವಿ ಪಕ್ಕದಲ್ಲಿ: ಅಂಗೈಯಗಲದ ಹಲಗೆ, ಒಂದೇ ಒಂದು ಚಿಪ್, ಅದರ ನೆತ್ತಿಗೊಂದು ಫ್ಯಾನು. ಬಿಟ್‌ಕಾಯಿನ್ ಲೋಕದಲ್ಲಿ ಸುಮಾರು 10 ನಿಮಿಷಕ್ಕೊಮ್ಮೆ ಲಾಟರಿ. ಗೆದ್ದವರಿಗೆ 2024ರಿಂದ 3.125 ನಾಣ್ಯ. ನನ್ನ ಯಂತ್ರ ಸೆಕೆಂಡಿಗೆ ಲಕ್ಷ ಕೋಟಿ ಸಲ ಉತ್ತರ ಊಹಿಸುತ್ತದೆ, ಒಂದೂ ಸರಿಹೋಗಿಲ್ಲ. ಪಿಯುಸಿ ಗಣಿತದಲ್ಲಿ ನನ್ನದೂ ಇದೇ ಕಥೆ, ಬಿಡಿ.

ದುರಾಸೆ ಕೇಳಬೇಕಲ್ಲ! 525 ಮೆಗಾಹರ್ಟ್ಸ್ ಇದ್ದ ಚಿಪ್‌ನ ವೇಗವನ್ನು 650ಕ್ಕೆ ಏರಿಸಿ, ವೋಲ್ಟೇಜನ್ನೂ ಒಂದು ಚಿಟಿಕೆ ಜಾಸ್ತಿ ಮಾಡಿದೆ. ಫ್ಯಾನು ಮಿಕ್ಸಿಯಂತೆ ಅರಚಿತು. "ಚಟ್ನಿ ರುಬ್ತಿದ್ದೀಯೇನೋ? ಉಪ್ಪು ಹಾಕಿದ್ಯಾ?" ಅಂತ ಒಳಗಿನಿಂದ ಅಮ್ಮ. ಬಿಸಿ 70 ಡಿಗ್ರಿ ದಾಟಿದ್ದೇ ತಡ, ಯಂತ್ರ ಮುಷ್ಕರ ಹೂಡಿ ಮಲಗಿತು. ತಿರುಪು ಬಿಚ್ಚಿ ಚಿಪ್‌ಗೆ ಥರ್ಮಲ್ ಪೇಸ್ಟ್ ಬಳಿದೆ, ಅಡಾಪ್ಟರ್ ಬದಲಿಸಿದೆ, ಕೊನೆಗೆ ಊದುಬತ್ತಿಯನ್ನೂ ಹಚ್ಚಿದೆ. (ಹೊಗೆ ಎದ್ದದ್ದು ಯಾವುದರಿಂದ ಎಂದು ತಿಳಿಯದೆ ಎರಡು ನಿಮಿಷ ಎದೆ ಹೊಡೆದುಕೊಂಡಿತು.)

ಈಗ ಮತ್ತೆ 525ಕ್ಕೇ ಇಳಿಸಿದ್ದೇನೆ. ಬೆಳಗ್ಗೆ ಎದ್ದು ನೋಡಿದರೆ ಅಮ್ಮ ದೋಸೆ ಹಿಟ್ಟಿನ ಪಾತ್ರೆಯನ್ನು ಗಣಿಗೆ ಆನಿಸಿ ಇಟ್ಟಿದ್ದಾಳೆ. ಚಳಿಗಾಲದಲ್ಲೂ ಹಿಟ್ಟು ಮುಚ್ಚಳ ಎತ್ತಿಕೊಂಡು ಉಕ್ಕಿತ್ತು.