ಅಕ್ಕನ ಕೂದಲು, ಅಲ್ಲಮನ ಗಡ್ಡ

12ನೇ ಶತಮಾನದಲ್ಲಿ ಅಕ್ಕಮಹಾದೇವಿಯನ್ನು ಎದುರಿಗೆ ಕೂರಿಸಿಕೊಂಡು ಯಾರೂ ಚಿತ್ರ ಬರೆದಿಲ್ಲ. ಆದರೂ ಕ್ಯಾಲೆಂಡರಿನ ಅಕ್ಕನನ್ನು ಶಿಕಾರಿಪುರದಿಂದ ಸೊರಬದವರೆಗೆ ಯಾರಿಗೇ ತೋರಿಸಿ, ಥಟ್ಟನೆ ಗುರುತು ಹಿಡಿಯುತ್ತಾರೆ. ಮೊಣಕಾಲು ದಾಟಿದ ಕೂದಲು, ಅಂಗೈಯಲ್ಲಿ ಇಷ್ಟಲಿಂಗ, ತಲೆಯ ಹಿಂದೆ ಪ್ರಭಾವಳಿ. ಕಂಡೊಡನೆ ಕೈ ಮುಗಿಯುತ್ತೇವೆ. ನೋಡುವವರು ಯಾರು?

ಒಂದು ನಿಮಿಷ ಕೈ ಕೆಳಗಿಳಿಸಿ ನೋಡಿ ಸ್ವಾಮಿ. ಉಡುತಡಿಯಿಂದ ಕಲ್ಯಾಣ, ಅಲ್ಲಿಂದ ಶ್ರೀಶೈಲ. ಅಷ್ಟು ದೂರ ಕಾಡುಮೇಡು ಅಲೆದವಳ ತಲೆಯಲ್ಲಿ ಒಂದು ಸಿಕ್ಕೂ ಇಲ್ಲ! ಈಗಷ್ಟೇ ಸೀಗೆಕಾಯಿ ಹಾಕಿ ಎರೆದುಕೊಂಡು ಬಿಸಿಲಿಗೆ ಆರಿಸಿದ ಹಾಗಿದೆ. ತುಟಿಗೆ ಕೆಂಪು, ತೀಡಿದ ಹುಬ್ಬು. ಕೆಲವು ಚಿತ್ರಗಳಲ್ಲಂತೂ ಹಿಂದೆ ಹಿಮದ ಬೆಟ್ಟ. ಶ್ರೀಶೈಲದ ನಲ್ಲಮಲ ಕಾಡಿನಲ್ಲಿ ಹಿಮ ಕಂಡವರು ಆ ಕಲಾವಿದರೊಬ್ಬರೇ ಇರಬೇಕು.

ಕೂದಲನ್ನು ಮಾತ್ರ ಸುಮ್ಮನೆ ಅಣಕಿಸುವಂತಿಲ್ಲ. ಸೀರೆ ಬಿಟ್ಟವಳಿಗೆ ಕ್ಯಾಲೆಂಡರಿನವರು ಕೂದಲ ಸೀರೆ ಉಡಿಸಿದರು ಎಂದು ನಗಹೊರಟರೆ, ಶರಣರ ಸಂವಾದಗಳನ್ನು ಹೆಣೆದ ಶೂನ್ಯಸಂಪಾದನೆಯಲ್ಲಿ ಅಲ್ಲಮ ಆಗಲೇ ಆ ತಕರಾರು ತೆಗೆದಾಗಿದೆ: ಎಲ್ಲ ಬಿಟ್ಟ ಮೇಲೆ ಕೂದಲ ಮರೆ ಏಕೆ? ನೋಡುವವರಿಗೆ ಕಳವಳವಾಗದಿರಲಿ ಎಂದು, ಅನ್ನುವುದು ಅಕ್ಕನ ಉತ್ತರದ ಸಾರ. ಅಂದಮೇಲೆ ಚಿತ್ರದ ಕೂದಲಿನಲ್ಲಿ ಅವಳ ನಾಚಿಕೆ ಹುಡುಕಬೇಡಿ. ಅದು ನಮ್ಮ ಕಣ್ಣಿನ ಬಗ್ಗೆ ಆಕೆ ಬರೆದ ಷರಾ. ಅಂದಹಾಗೆ ಕೇಳಿದವನು ಬಳ್ಳಿಗಾವಿಯವನು, ಹೇಳಿದವಳು ಉಡುತಡಿಯವಳು. ಇಬ್ಬರದೂ ಈಗಿನ ಶಿಕಾರಿಪುರ ತಾಲ್ಲೂಕು! ವಾದ ಮಾಡಲು ಕಲ್ಯಾಣದವರೆಗೆ ಹೋಗಬೇಕಾಯಿತು.

ಅಲ್ಲಮನ ಪಾಡು ಇನ್ನೂ ಕಷ್ಟದ್ದು. ಹರಿಹರನ ರಗಳೆಯಲ್ಲಿ ಅವನು ಮದ್ದಳೆ ಬಾರಿಸುವ, ಕಮಲತೆಯೆಂಬವಳಿಗೆ ಮನಸೋತ ತರುಣ. ಗೋಡೆಯ ಮೇಲೆ ಮಾತ್ರ ಹುಟ್ಟುತ್ತಲೇ ಗಡ್ಡ. ಮದ್ದಳೆ ಎಲ್ಲಿ ಹೋಯಿತೋ.

ಬಣ್ಣದವರಂತೆ ಕುಂಚ ಆಡಿಸಿ ಮುಗಿಸುವ ಸೌಕರ್ಯ ಮರ ಕೆತ್ತುವ ಸೊರಬದ ಗುಡಿಗಾರರಿಗಿಲ್ಲ. ಗಂಧದ ಕೊರಡಿನ ಅಕ್ಕನಿಗೆ ಕೂದಲು ಬೇಕೆಂದರೆ ಉಳಿ ಹಿಡಿದು ಎಳೆ ಎಳೆಯಾಗಿ ಕೊರೆಯಬೇಕು. ಅಷ್ಟು ಹೊತ್ತು ಮುಖವನ್ನೇ ನೋಡುತ್ತ ಕೂತವರು ತುಟಿ ಕೆಂಪು ಮಾಡುವ ಯೋಚನೆಗೆ ಹೋಗಲಾರರು.

ನನ್ನ ನಿಜವಾದ ತಕರಾರು ಕಣ್ಣಿನದು. ಇಷ್ಟಲಿಂಗ ಪೂಜೆಯಲ್ಲಿ ದೃಷ್ಟಿ ನೆಡಬೇಕಾದದ್ದು ಅಂಗೈಯ ಲಿಂಗದ ಮೇಲೆ. ಕ್ಯಾಲೆಂಡರಿನ ಅಕ್ಕ ಲಿಂಗ ಹಿಡಿದು ನಮ್ಮನ್ನು ನೋಡುತ್ತಾಳೆ. ಚೆನ್ನಮಲ್ಲಿಕಾರ್ಜುನನ ಹೊರತು ಯಾರತ್ತಲೂ ಕಣ್ಣೆತ್ತದವಳನ್ನು ಅಂಗಡಿಯ ಗಿರಾಕಿಗಳ ಕಡೆ ತಿರುಗಿಸಿ ನಿಲ್ಲಿಸಿದ್ದೇವೆ.

ನಿಮ್ಮ ಮನೆಯ ಕ್ಯಾಲೆಂಡರನ್ನೂ ಒಮ್ಮೆ ನೋಡಿ. ಅಕ್ಕ ಅಂಗೈಯನ್ನೇ ನೋಡುತ್ತಿದ್ದರೆ, ವರ್ಷ ಮುಗಿದ ಮೇಲೆ ಎಸೆಯಬೇಡಿ, ಕಟ್ಟು ಹಾಕಿಸಿ.