ಸೇಮ್ ಸಾರ್!

"ಎಂಬತ್ನಾಕು ಈಗ ಬರ್ತಾ ಇಲ್ಲ ಸಾರ್. ಆರ್ನೂರಿಪ್ಪತ್ತೆಂಟು ತಗೊಳ್ಳಿ. ಸೇಮ್."

ಎಸ್.ಪಿ. ರಸ್ತೆಯ ಆ ಅಂಗಡಿಯವನು ಇದನ್ನು ಹೇಳಿದ ಧೈರ್ಯ ನೋಡಿದ್ದರೆ ಮದುವೆ ದಲ್ಲಾಳಿಯೂ ನಾಚುತ್ತಿದ್ದ. ನಾನು ಕೇಳಿದ್ದು ಪಿಕ್ 16ಎಫ್84ಎ ಎಂಬ ಮೈಕ್ರೊಕಂಟ್ರೋಲರ್ ಚಿಪ್ಪು. ಅವನು ಕೊಟ್ಟದ್ದು 16ಎಫ್628ಎ. ಎರಡಕ್ಕೂ ಹದಿನೆಂಟೇ ಕಾಲು, ಅದೇ ಕಪ್ಪು ಮೈ, ಅದೇ ಉದ್ದ. ಜಾತಕ ಕೂಡಿತೆಂದು ದುಡ್ಡು ಕೊಟ್ಟು ಬಂದೆ.

ನಿವೃತ್ತನಾದ ಮೇಲೆ ಹತ್ತಿದ ಹುಚ್ಚು ಇದು. ಅವೆನ್ಯೂ ರಸ್ತೆಯಲ್ಲಿ ಸಿಕ್ಕ ಹಳೆಯ ಪುಸ್ತಕದಲ್ಲಿ ಓಡುವ ದೀಪದ ಪ್ರೋಗ್ರಾಂ ಇತ್ತು. ಗಣಪತಿ ಮಂಟಪದ ಸುತ್ತ ಎಂಟು ಎಲ್‌ಇಡಿ ಸಾಲಾಗಿ ಓಡಬೇಕು, ಗುಂಡಿ ಒತ್ತಿದರೆ ಹಿಮ್ಮುಖವಾಗಿ ಓಡಬೇಕು. ಪುಸ್ತಕದ್ದನ್ನೇ ನಕಲು ಮಾಡಿ, ಚಿಪ್ಪಿನ ಹೆಸರು ಇದ್ದ ಕಡೆಯೆಲ್ಲ 84 ಹೊಡೆದು 628 ಬರೆದೆ. ಕಂಪ್ಯೂಟರ್ ಒಂದೂ ತಪ್ಪು ತೋರಿಸಲಿಲ್ಲ. ಅಷ್ಟು ಸಭ್ಯವಾಗಿ ನಡೆದುಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಮೊದಲ ದೀಪ ಹತ್ತಿತು. ಹತ್ತಿಯೇ ಇತ್ತು. ಕಾಫಿ ಕುಡಿದು ಬಂದರೂ ಎರಡನೆಯದರ ಸರದಿ ಬಂದಿರಲಿಲ್ಲ.

ನೂರೈವತ್ತು ಪುಟ ದಾಟಿದ ಡೇಟಾಶೀಟನ್ನು ಕನ್ನಡಕ ಏರಿಸಿ ಓದಿದಾಗ ಗೊತ್ತಾದದ್ದು: ಚಿಪ್ಪಿನ ಮೆಮೊರಿ ಒಂದು ಬಡಾವಣೆಯಿದ್ದಂತೆ. ಹಳೆಯ ಬಡಾವಣೆಯಲ್ಲಿ ಬಾಡಿಗೆ ಮನೆಗಳು 12ನೇ ನಂಬರಿನಿಂದ ಶುರು. ಅಲ್ಲಿ 68 ಬೈಟುಗಳಿಗೆ ಜಾಗ. ಹೊಸ ಬಡಾವಣೆಯಲ್ಲಿ 224 ಬೈಟುಗಳಿಗೆ ಜಾಗವಿದ್ದರೂ ಮನೆಗಳು ಶುರುವಾಗುವುದು 32ರಿಂದ. ಅದಕ್ಕೂ ಹಿಂದಿನವು ಚಿಪ್ಪಿನ ಸ್ವಂತ ಕಚೇರಿಗಳು. ಪುಸ್ತಕದ ಪ್ರೋಗ್ರಾಂ ಕಾಲ ಎಣಿಸುವ ಎರಡು ಲೆಕ್ಕವನ್ನು 12 ಮತ್ತು 13ರಲ್ಲಿ ಇಟ್ಟಿತ್ತು. ಇಲ್ಲಿ 12 ಇಂಟರಪ್ಟ್ ಇಲಾಖೆಯ ಕಚೇರಿ. 13 ಖಾಲಿ ಸೈಟು! ಅಲ್ಲಿ ಏನು ಇಟ್ಟರೂ ಮರುಕ್ಷಣ ಇರುವುದಿಲ್ಲ, ಓದಿದರೆ ಸದಾ ಸೊನ್ನೆ. ಸೊನ್ನೆಯಿಂದ ಒಂದು ಕಳೆದು, ಬರೆದು, ಅದು ಮಾಯವಾಗಿ, ಮತ್ತೆ ಸೊನ್ನೆಯಿಂದ ಒಂದು ಕಳೆದು... ನಮ್ಮ ಬೀದಿಯ ಚೀಟಿ ವ್ಯವಹಾರದ ಹಾಗೆ ಲೆಕ್ಕ ಮುಗಿಯುವಂತೆಯೇ ಇರಲಿಲ್ಲ.

ಎರಡೂ ಲೆಕ್ಕಗಳನ್ನು 32, 33ಕ್ಕೆ ಸ್ಥಳಾಂತರಿಸಿದೆ. ದೀಪಗಳು ಓಡಿದವು, ಐದನೆಯದೊಂದನ್ನು ಬಿಟ್ಟು. ಬಲ್ಬು ಬದಲಿಸಿದೆ, ವೈರು ಬದಲಿಸಿದೆ, ಬೆಸುಗೆ ಮತ್ತೆ ಹಾಕಿ ಬೆರಳು ಸುಟ್ಟುಕೊಂಡೆ. ಕೊನೆಗೆ ನೋಡಿದರೆ, ಹೊಸ ಚಿಪ್ಪು ಆ ದೀಪದ ಕಾಲನ್ನು ಕಡಿಮೆ ವೋಲ್ಟೇಜಿನ ಪ್ರೋಗ್ರಾಮಿಂಗಿಗೆಂದು ಕಾದಿರಿಸಿಕೊಂಡಿತ್ತು. ಬೇಡ ಎಂದು ಬರೆದು ಕೊಡದಿದ್ದರೆ ಬೇಕು ಎಂದೇ ಅರ್ಥವಂತೆ. ಹಳೆಯ ಪುಸ್ತಕ ಬೇಡ ಎಂದು ಎಲ್ಲಿ ಬರೆದೀತು? ಅದಕ್ಕೆ ಆ ಸೌಲಭ್ಯವೇ ಗೊತ್ತಿಲ್ಲ.

ನಾನೇ ಬೇಡ ಎಂದು ಬರೆದೆ; ಹಬ್ಬದ ಬೆಳಿಗ್ಗೆ ಎಂಟೂ ಓಡಿದವು. ನೆಂಟರೆಲ್ಲ ನೋಡುತ್ತಿದ್ದರು. ನನ್ನವಳು ಮಂಗಳಾರತಿ ತಟ್ಟೆ ಹಿಡಿದವಳು ಹಾಗೇ ನಿಂತಳು.

"ರೀ, ಇವು ಅಪ್ರದಕ್ಷಿಣೆ ಹಾಕ್ತಿವೆಯಲ್ರೀ!"

ಹೌದು, ದೀಪಗಳು ಎಡಕ್ಕೇ ತಿರುಗುತ್ತಿದ್ದವು. ಗುಂಡಿಯನ್ನು ಯಾರೂ ಮುಟ್ಟಿರಲಿಲ್ಲ. ಒತ್ತಿದರೆ ಸೊನ್ನೆ, ಬಿಟ್ಟರೆ ಒಂದು ಎಂಬ ಏರ್ಪಾಡು ನನ್ನದು. ಚಿಪ್ಪಿಗೆ ಮಾತ್ರ ಸದಾ ಸೊನ್ನೆಯೇ ಕಾಣುತ್ತಿತ್ತು. ಹೊಸದರ ಹೊಟ್ಟೆಯಲ್ಲಿ ಎರಡು ಕಂಪ್ಯಾರೇಟರುಗಳಿವೆ, ವೋಲ್ಟೇಜುಗಳನ್ನು ಹೋಲಿಸಿ ನೋಡುವವು. ಕರೆಂಟು ಬಂದ ಕೂಡಲೇ ಗುಂಡಿ ಇದ್ದ ಕಾಲು ಅವುಗಳ ಪಾಲಿಗೆ ಹೋಗುತ್ತದೆ, ನಾವು ಓದಿದರೆ ಸೊನ್ನೆ. ಸಿಎಂಸಿಒಎನ್ ಎಂಬ ರಿಜಿಸ್ಟರಿಗೆ 7 ಬರೆದರೆ ಅವು ಸುಮ್ಮನಾಗುತ್ತವೆ. ಹೋಲಿಸುವ ಯಂತ್ರವನ್ನೇ ಕೊಂಡು ತಂದವನು ಎರಡು ಚಿಪ್ಪುಗಳನ್ನು ಹೋಲಿಸಿ ನೋಡಿರಲಿಲ್ಲ.

7 ಬರೆಯುವಷ್ಟರಲ್ಲಿ ಗಣಪತಿ ಕೆರೆ ಸೇರಿದ್ದ. ಖಾಲಿ ಮಂಟಪದ ಸುತ್ತ ದೀಪಗಳು ಶಾಸ್ತ್ರೋಕ್ತವಾಗಿ ಬಲಕ್ಕೆ ತಿರುಗಿದವು.

ಕಳೆದ ವಾರ ಇನ್ನೊಂದು 628ಎ ಬೇಕಾಗಿ ಅದೇ ಅಂಗಡಿಗೆ ಹೋದೆ. "ಖಾಲಿ ಸಾರ್. ಆರ್ನೂರ ನಲವತ್ತೆಂಟು ಇದೆ. ಸೇಮ್," ಎಂದ. ಮಾತಾಡದೆ ಇಳಿದು ಬಂದೆ. ಮನೆಯಲ್ಲಿ ಡೇಟಾಶೀಟು ತೆರೆದರೆ ಎರಡಕ್ಕೂ ಒಂದೇ ಪುಸ್ತಕ: ಅದೇ ಕಂಪ್ಯಾರೇಟರು, 32ರಿಂದಲೇ ಮನೆಗಳು, ಮೆಮೊರಿ ಮಾತ್ರ ಹೆಚ್ಚು. ಈ ಸಲ ಅವನು ಹೇಳಿದ್ದು ನಿಜವಾಗಿತ್ತು.